ಫೈಲ್ ಚೆನ್ನಾಗಿದೆ, ಮನುಷ್ಯ ಹೇಗಿದ್ದಾನೆ?

ಬೌದ್ಧಿಕ ಅಂಗವಿಕಲತೆ ಇರುವ ದೊಡ್ಡವರ ವಸತಿ ಕೇಂದ್ರಗಳ ಗುಣಮಟ್ಟ ನೋಡುವುದು ಹೇಗೆ ಅಂತ ಈ ಸಲ ಜಾಸ್ತಿ ಪತ್ರ ಬಂದಿವೆ. ಒಂದೇ ಥರದವನ್ನು ಸೇರಿಸಿ ಉತ್ತರಿಸಿದ್ದೇನೆ. ಬರೆದವರ ಹೆಸರು ಬೇಕಂತಲೇ ಹಾಕಿಲ್ಲ.

ಪ್ರಶ್ನೆ: ನನ್ನ ತಮ್ಮನಿಗೆ ಮೂವತ್ತು ದಾಟಿದೆ. ಮಾತು ಬರುವುದಿಲ್ಲ, ಒಂದಿಷ್ಟು ಸನ್ನೆ ಮಾಡುತ್ತಾನೆ ಅಷ್ಟೇ. ಅಪ್ಪ ಅಮ್ಮನ ಕೈಲಿ ಆಗದೆ ವಸತಿ ಕೇಂದ್ರಕ್ಕೆ ಸೇರಿಸಿದ್ದೇವೆ. ಹೋದಾಗಲೆಲ್ಲ ನೆಲ ಫಳಫಳ ಅನ್ನುತ್ತಿರುತ್ತೆ, ಎಲ್ಲರೂ ಮರ್ಯಾದೆಯಿಂದ ಮಾತಾಡುತ್ತಾರೆ. ತಪಾಸಣೆ ವರದಿಯಲ್ಲೂ ‘ಉತ್ತಮ’ ಅಂತಿದೆ. ಆದರೂ ನನಗೆ ಸಮಾಧಾನ ಇಲ್ಲ. ಸುಮ್ನೆ ಅನುಮಾನ ಪಡ್ತಿದ್ದೀನಾ? — ಒಬ್ಬ ಅಕ್ಕ

ಅನುಮಾನ ಇರಲಿ, ತಪ್ಪೇನಿಲ್ಲ. ‘ಉತ್ತಮ’ ಅನ್ನುವ ಮುದ್ರೆ ನಂಬಿ ಕೂತರೆ ಏನಾಗುತ್ತೆ ಅನ್ನುವುದಕ್ಕೆ ಇಂಗ್ಲೆಂಡಿನ ವೋರ್ಲ್ಟನ್ ಹಾಲ್ ನೋಡಿ. ಬೌದ್ಧಿಕ ಅಂಗವಿಕಲತೆ, ಆಟಿಸಂ ಇರುವವರಿಗಾಗಿ ಇದ್ದ ಖಾಸಗಿ ಆಸ್ಪತ್ರೆ ಅದು. ಅಲ್ಲಿನ ತಪಾಸಣಾ ಸಂಸ್ಥೆ ಕೇರ್ ಕ್ವಾಲಿಟಿ ಕಮಿಷನ್ 2017ರಲ್ಲಿ ಅದಕ್ಕೆ ‘ಗುಡ್’ ಅಂತ ಕೊಟ್ಟಿತ್ತು. 2019ರಲ್ಲಿ ಬಿಬಿಸಿ ಗುಟ್ಟಾಗಿ ಚಿತ್ರಿಸಿದ ವಿಡಿಯೊ ಬಂತು ನೋಡಿ, ಸಿಬ್ಬಂದಿ ಅಲ್ಲಿದ್ದವರನ್ನು ಹೀಯಾಳಿಸುವುದು, ಬೇಕಂತಲೇ ಕೆಣಕುವುದು, ಹೆದರಿಸುವುದು ಎಲ್ಲ ಬಯಲಾಯಿತು. ವರದಿ ಓದಿ, ಬೇಡ ಅನ್ನುವುದಿಲ್ಲ. ಆದರೆ ಮೊದಲು ಅದರ ತಾರೀಕು ನೋಡಿ. ಆಗಿನ ಮ್ಯಾನೇಜರ್ ಈಗಲೂ ಇದ್ದಾರಾ, ಆಗಿದ್ದ ಸಿಬ್ಬಂದಿಯಲ್ಲಿ ಎಷ್ಟು ಜನ ಉಳಿದಿದ್ದಾರೆ ಅಂತ ಕೇಳಿ. ಅರ್ಧ ಜನ ಬಿಟ್ಟು ಹೋಗಿದ್ದರೆ ಆ ವರದಿ ಬೇರೆ ಯಾವುದೋ ಮನೆಯದ್ದು ಅಂದುಕೊಳ್ಳಿ.

ಇನ್ನು ನೀವೇ ನೋಡುವ ವಿಷಯ. ಯಾರೂ ಬರದ ಹೊತ್ತಿಗೆ ಹೋಗಿ. ಭಾನುವಾರ ಸಂಜೆ ಆಗಬಹುದು, ರಾತ್ರಿ ಊಟ ಮುಗಿದ ಮೇಲೂ ಆಗಬಹುದು. ತಮ್ಮನ ಹತ್ತಿರ ಅಲ್ಲ, ಹಾಲ್‌ನ ಒಂದು ಮೂಲೆಯಲ್ಲಿ ಒಂದು ಗಂಟೆ ಕೂತುಬಿಡಿ. ಐದೈದು ನಿಮಿಷಕ್ಕೆ ಮೂರು ವಿಷಯ ಬರೆದುಕೊಳ್ಳಿ: ಅವನು ಏನು ಮಾಡುತ್ತಿದ್ದಾನೆ, ಮುಖ ಹೇಗಿದೆ, ಯಾರಾದರೂ ಮಾತಾಡಿಸಿದರಾ. ಇದು ನಾನು ಕಟ್ಟಿದ್ದಲ್ಲ. ಮಾತಿನಲ್ಲಿ ಹೇಳಲಾಗದವರ ಅನುಭವ ತಿಳಿಯಲು ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದವರು ತಪಾಸಣಾಧಿಕಾರಿಗಳ ಜೊತೆ ಸೇರಿ ರೂಪಿಸಿದ ‘ಸೋಫಿ’ ಅನ್ನುವ ವಿಧಾನ ಇದೆ, ಅದರ ಮನೆಮಟ್ಟದ ರೂಪ ಅನ್ನಿ. ನಾನು ತಪಾಸಣೆಗೆ ಹೋದ ಒಂದು ಕಡೆ ವೀಲ್‌ಚೇರ್‌ನಲ್ಲಿದ್ದ ಹೆಂಗಸೊಬ್ಬರ ಬಾಯಿಯನ್ನು ಸಿಬ್ಬಂದಿ ಹಿಂದಿನಿಂದ ಬಂದು ಒರೆಸಿದರು. ಪಕ್ಕದವರ ಜೊತೆ ರಜೆ ವಿಷಯ ಮಾತಾಡುತ್ತಲೇ ಒರೆಸಿದರು. ಆ ಹೆಂಗಸು ಬೆಚ್ಚಿಬಿದ್ದು ಕೈ ಮೇಲೆತ್ತಿದರು. ದಾಖಲೆಯಲ್ಲಿ ಅದು ‘ಸ್ವಚ್ಛತೆ ನೋಡಿಕೊಳ್ಳಲಾಗಿದೆ’ ಅಂತಲೇ ಇರುತ್ತೆ. ಸುಳ್ಳೂ ಅಲ್ಲ!

ಆಮೇಲೆ ದಿನಚರಿ ಯಾರ ಅನುಕೂಲಕ್ಕೆ ನಡೆಯುತ್ತಿದೆ ನೋಡಿ. ಎಲ್ಲರೂ ರಾತ್ರಿ ಎಂಟಕ್ಕೇ ಮಲಗುತ್ತಾರೆ ಅಂದರೆ, ಅಷ್ಟೂ ದೊಡ್ಡವರಿಗೆ ಒಟ್ಟಿಗೆ ನಿದ್ದೆ ಬರುತ್ತಾ? ಎಂಟಕ್ಕೆ ಶಿಫ್ಟ್ ಬದಲಾಗುತ್ತೆ, ಅದಕ್ಕೆ. ಅವನ ಅಂಗಿ ಅವನ ಮೈಮೇಲೇ ಇದೆಯಾ, ಬೇರೆಯವರ ಮೈಮೇಲೆ ಕಂಡಿತಾ? ಅವನ ಸನ್ನೆಗಳು ಎಲ್ಲ ಸಿಬ್ಬಂದಿಗೂ ಗೊತ್ತಾ, ಒಬ್ಬರಿಗೆ ಮಾತ್ರವಾ? ಸಿಬ್ಬಂದಿಯಲ್ಲಿ ಯಾರನ್ನಾದರೂ ‘ಇವನಿಗೆ ಏನು ಇಷ್ಟ?’ ಅಂತ ಕೇಳಿ. ಗೊತ್ತಿರುವವರು ಮಾತು ನಿಲ್ಲಿಸುವುದಿಲ್ಲ. ಗೊತ್ತಿಲ್ಲದವರು ಫೈಲ್ ತರಲು ಏಳುತ್ತಾರೆ.

ಆರೋಗ್ಯದ ವಿಷಯ ಒಂದು ಹೇಳಲೇಬೇಕು. ಮಾತು ಬಾರದವರು ತಲೆ ಚಚ್ಚಿಕೊಂಡರೆ, ಊಟ ತಳ್ಳಿದರೆ ‘ಅವನ ಸ್ವಭಾವವೇ ಹಾಗೆ’ ಅಂತ ಬಿಟ್ಟುಬಿಡುತ್ತಾರೆ. ಹಲ್ಲುನೋವೋ ಕಿವಿನೋವೋ ಇರಬಹುದು. ಮಲಬದ್ಧತೆ ಕೂಡ ಇರಬಹುದು. ಅದನ್ನು ಹಗುರವಾಗಿ ತಗೋಬೇಡಿ, ಗಮನಿಸದೆ ಬಿಟ್ಟು ಜೀವ ಹೋದ ಪ್ರಕರಣಗಳಿವೆ. ತಿಂಗಳ ತಿಂಗಳ ತೂಕ ಬರೆದಿದ್ದಾರಾ, ಹಲ್ಲಿನ ಡಾಕ್ಟರ್ ಹತ್ತಿರ ಕೊನೆಗೆ ಯಾವಾಗ ಕರೆದುಕೊಂಡು ಹೋದರು, ನುಂಗುವಾಗ ಕೆಮ್ಮಿದರೆ ಏನು ಮಾಡುತ್ತಾರೆ, ಇಷ್ಟನ್ನಾದರೂ ಕೇಳಿ.

ಪ್ರಶ್ನೆ: ವಸತಿ ಕೇಂದ್ರಗಳಿಗೆ ಭೇಟಿ ಕೊಡುವ ಸಮಿತಿಗೆ ನನ್ನನ್ನು ಸದಸ್ಯೆ ಮಾಡಿದ್ದಾರೆ. ಕೈಗೆ ಉದ್ದದ ಚೆಕ್‌ಲಿಸ್ಟ್ ಕೊಟ್ಟಿದ್ದಾರೆ. ಎಲ್ಲ ಕಡೆ ಟಿಕ್ ಬೀಳುತ್ತೆ, ಹೊರಗೆ ಬಂದ ಮೇಲೆ ಏನೂ ನೋಡಿಲ್ಲ ಅನಿಸುತ್ತೆ. ಎಲ್ಲಿಂದ ಶುರು ಮಾಡಲಿ? — ಹೊಸ ಸದಸ್ಯೆ

ಮಾತ್ರೆ ಕೊಡುವ ಪಟ್ಟಿಯಿಂದ ಶುರು ಮಾಡಿ ಮೇಡಂ. ಯಾರಿಗೆ ಮನೋರೋಗದ ಮಾತ್ರೆ ನಡೆಯುತ್ತಿದೆ, ಯಾವ ಕಾಯಿಲೆಗೆ, ಯಾವ ಡಾಕ್ಟರ್, ಕೊನೆಗೆ ಯಾವಾಗ ಮರುಪರಿಶೀಲನೆ ಆಗಿದೆ ಅಂತ ಒಬ್ಬೊಬ್ಬರದ್ದೂ ನೋಡಿ. ಕಾಯಿಲೆಯ ಜಾಗದಲ್ಲಿ ‘ಗಲಾಟೆ ಮಾಡುತ್ತಾನೆ’ ಅಂತಿದ್ದರೆ ಅಲ್ಲೇ ನಿಲ್ಲಿ. ಇದು ಎಲ್ಲೋ ಒಂದು ಕಡೆಯ ಕಥೆ ಅಲ್ಲ. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ 2015ರಲ್ಲಿ ಹಾಕಿದ ಅಂದಾಜಿನಂತೆ, ಬೌದ್ಧಿಕ ಅಂಗವಿಕಲತೆ ಇರುವ 30,000ದಿಂದ 35,000 ದೊಡ್ಡವರು ಆ ಕಾಯಿಲೆಗಳೇ ಇಲ್ಲದೆ ಇಂಥ ಮಾತ್ರೆ ನುಂಗುತ್ತಿದ್ದರು. ಅದಾದ ಮೇಲೇ ಮಾತ್ರೆ ಕಡಿಮೆ ಮಾಡುವ ‘ಸ್ಟಾಂಪ್’ ಅಭಿಯಾನ 2016ರಲ್ಲಿ ಶುರುವಾಗಿದ್ದು. ‘ಅಗತ್ಯ ಬಿದ್ದಾಗ ಕೊಡಿ’ ಅಂತ ಬರೆದ ಮಾತ್ರೆ ಯಾವ ದಿನ, ಎಷ್ಟು ಗಂಟೆಗೆ ಕೊಟ್ಟಿದ್ದಾರೆ ಅಂತ ಸಾಲಾಗಿ ಬರೆದುಕೊಂಡು ಪಕ್ಕದಲ್ಲಿ ಡ್ಯೂಟಿ ಪಟ್ಟಿ ಇಟ್ಟು ನೋಡಿ. ಒಬ್ಬರೇ ಡ್ಯೂಟಿಯಲ್ಲಿದ್ದ ರಾತ್ರಿಗಳಲ್ಲೇ ಅದು ಜಾಸ್ತಿ ಬಿದ್ದಿದ್ದರೆ, ಕಾಯಿಲೆ ಆ ಮನುಷ್ಯನದ್ದಲ್ಲ, ಡ್ಯೂಟಿ ಪಟ್ಟಿಯದ್ದು. ಒಂದು ಎಚ್ಚರ: ಮಾತ್ರೆ ನಿಲ್ಲಿಸಿ ಅಂತ ನೀವು ಹೇಳಬೇಡಿ. ಏಕಾಏಕಿ ನಿಲ್ಲಿಸಿದರೆ ಅಪಾಯ, ಡಾಕ್ಟರ್ ನೋಡಿಕೊಂಡು ನಿಧಾನಕ್ಕೆ ಇಳಿಸಬೇಕು.

ಎರಡನೆಯದು, ಪುಸ್ತಕದಲ್ಲಿ ಬರೆದಿದ್ದನ್ನು ಕಣ್ಣೆದುರು ಮಾಡಿಸಿ ನೋಡಿ. ಸ್ನಾನದ ತೊಟ್ಟಿಯ ನೀರು 44 ಡಿಗ್ರಿ ದಾಟಬಾರದು ಅನ್ನುವುದು ಬ್ರಿಟನ್ನಿನ ಸುರಕ್ಷತಾ ಸೂಚನೆ. ಮೈ ಸುಟ್ಟರೂ ಹೇಳಲಾಗದವರಿಗೆ ಇದು ಸಣ್ಣ ವಿಷಯ ಅಲ್ಲ. ಒಂದು ಕೇಂದ್ರದಲ್ಲಿ ದಿನಾ ನೀರಿನ ಬಿಸಿ ಅಳೆದು ಬರೆಯುವ ಪುಸ್ತಕ ತೋರಿಸಿದರು. ಒಂದೂ ದಿನ ತಪ್ಪಿಲ್ಲ. ಥರ್ಮಾಮೀಟರ್ ಕೊಡಿ, ಈಗ ಅಳೆಯೋಣ ಅಂದೆ. ಹುಡುಕಿದರು, ಹುಡುಕಿದರು, ಕೊನೆಗೆ ಒಂದು ಡ್ರಾಯರ್ ತಳದಲ್ಲಿ ಸಿಕ್ಕಿತು. ಒಳಗೆ ಬ್ಯಾಟರಿಯೇ ಇಲ್ಲ. ಪುಸ್ತಕದಲ್ಲಿ ಮಾತ್ರ ಆವತ್ತು ಬೆಳಿಗ್ಗೆವರೆಗೂ 41, 41, 41, ಒಂದೇ ಪೆನ್ನು, ಒಂದೇ ಕೈಬರಹ, ಬರೆದವರು ರಜೆಯಲ್ಲಿದ್ದ ದಿನಗಳೂ ಸೇರಿ.

ಹಣದ ಲೆಕ್ಕವನ್ನೂ ಹೀಗೇ ನೋಡಿ. ಒಬ್ಬರ ಹೆಸರಿನಲ್ಲಿ ಶೂ ತಂದಿದ್ದಾರೆ ಅಂತ ರಸೀದಿ ಇದ್ದರೆ, ಆ ಶೂ ಎಲ್ಲಿ ಅಂತ ಅವರ ಕಪಾಟು ತೆರೆದು ನೋಡಿ. ತೆರೆಯುವ ಮುಂಚೆ ಅವರನ್ನೇ ಕೇಳಿ, ಅದು ಅವರ ಕಪಾಟು.

ಸಮಿತಿಯಲ್ಲಿ ಬೌದ್ಧಿಕ ಅಂಗವಿಕಲತೆ ಇರುವವರು ಒಬ್ಬರಾದರೂ ಇದ್ದಾರಾ? ಇಲ್ಲದಿದ್ದರೆ ಸೇರಿಸಿ ಅಂತ ಹಟ ಹಿಡಿಯಿರಿ. ಇಂಗ್ಲೆಂಡಿನಲ್ಲಿ ಅನುಭವವೇ ಪರಿಣತಿ ಅಂತ ಅಂಥವರನ್ನು ತಪಾಸಣೆಗೆ ಕರೆದುಕೊಂಡು ಹೋಗುತ್ತಾರೆ. ನಮಗೆ ಹೇಳದ್ದನ್ನು ಅಲ್ಲಿರುವವರು ಅವರ ಹತ್ತಿರ ಹೇಳುತ್ತಾರೆ. ನಾವು ಮ್ಯಾನೇಜರ್ ರೂಮಿನಲ್ಲಿ ಕೂತಿರುವಾಗ ಅವರು ಹೋಗಿ ಟಾಯ್ಲೆಟ್ ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯಾ ಅಂತ ನೋಡಿರುತ್ತಾರೆ.

ಪ್ರಶ್ನೆ: ನಾನು ಇಂಥ ಒಂದು ಕೇಂದ್ರದಲ್ಲಿ ಕೆಲಸಕ್ಕಿದ್ದೇನೆ. ತಪಾಸಣೆ ಇದ್ದರೆ ಮುಂಚೆಯೇ ಗೊತ್ತಾಗುತ್ತೆ. ಹಿಂದಿನ ದಿನ ಹೊಸ ಬೆಡ್‌ಶೀಟ್ ಬರುತ್ತೆ, ‘ಗಲಾಟೆ’ ಮಾಡುವ ಇಬ್ಬರನ್ನು ಹೊರಗೆ ಸುತ್ತಾಡಿಸಲು ಕಳಿಸುತ್ತಾರೆ. ಒಬ್ಬ ಸಹೋದ್ಯೋಗಿ ಹೊಡೆಯುವುದನ್ನೂ ನೋಡಿದ್ದೇನೆ. ಹೇಳಿದರೆ ಕೆಲಸ ಹೋಗುತ್ತೆ. — ಹೆಸರು ಬೇಡ

ಹೊಡೆಯುವುದನ್ನು ನೋಡಿದ್ದೀರಿ ಅಂದಮೇಲೆ ಮುಂದಿನ ತಪಾಸಣೆಗೆ ಕಾಯಬೇಡಿ. ಇವತ್ತೇ ಬರೆದಿಡಿ: ತಾರೀಕು, ಹೊತ್ತು, ಯಾರು, ಯಾರಿಗೆ, ಏನು ಕಂಡಿತು, ಗುರುತು ಎಲ್ಲಿದೆ. ನಿಮ್ಮ ಅಭಿಪ್ರಾಯ ಬೇಡ, ಕಂಡಿದ್ದು ಮಾತ್ರ. ಒಂದು ಪ್ರತಿ ಕೇಂದ್ರದ ಹೊರಗೆ ಇರಲಿ. ಮೇಲಿನವರಿಗೆ ಬರವಣಿಗೆಯಲ್ಲೇ ಕೊಡಿ, ಕೊಟ್ಟಿದ್ದಕ್ಕೆ ಸ್ವೀಕೃತಿ ತಗೊಳ್ಳಿ. ಹೊಡೆಯುವವರು ಮ್ಯಾನೇಜರ್‌ಗೆ ಬೇಕಾದವರಾಗಿದ್ದರೆ ಅಲ್ಲಿ ಹೋಗಲೇಬೇಡಿ, ನೇರವಾಗಿ ಪರವಾನಗಿ ಕೊಡುವ ಕಚೇರಿಗೆ, ಪೊಲೀಸರಿಗೆ ಹೋಗಿ. ಪೆಟ್ಟು ತಿಂದವರ ಮನೆಯವರಿಗೂ ತಿಳಿಯಬೇಕು.

ಒಂದು ಕಡೆ ಹೇಳಿದರೆ ಸಾಕು ಅಂತ ಮಾತ್ರ ಅಂದುಕೊಳ್ಳಬೇಡಿ. ಇಂಗ್ಲೆಂಡಿನ ಬ್ರಿಸ್ಟಲ್ ಹತ್ತಿರ ವಿಂಟರ್‌ಬೋರ್ನ್ ವ್ಯೂ ಅನ್ನುವ ಇಂಥದ್ದೇ ಖಾಸಗಿ ಆಸ್ಪತ್ರೆಯಲ್ಲಿ, ಅಲ್ಲಿದ್ದವರಿಗೆ ಹಿಂಸೆ ಕೊಡುತ್ತಿದ್ದಾರೆ ಅಂತ ಒಬ್ಬ ಹಿರಿಯ ನರ್ಸ್ ಮ್ಯಾನೇಜರ್‌ಗೂ ತಪಾಸಣಾ ಸಂಸ್ಥೆಗೂ ತಿಳಿಸಿದ್ದರು. ಯಾರೂ ಅಲುಗಾಡಲಿಲ್ಲ. ಆಮೇಲೆ ಅವರು ಬಿಬಿಸಿಗೆ ಹೇಳಿದರು, 2011ರಲ್ಲಿ ಅದು ಟಿವಿಯಲ್ಲಿ ಬಂತು, ಆಸ್ಪತ್ರೆ ಮುಚ್ಚಿತು, 2012ರಲ್ಲಿ 11 ಜನರಿಗೆ ಶಿಕ್ಷೆಯಾಯಿತು, ಅವರಲ್ಲಿ 6 ಜನ ಜೈಲಿಗೆ ಹೋದರು. ಕೆಲಸ ಹೋಗುವ ಭಯ ಸುಳ್ಳಲ್ಲ, ಅದನ್ನು ತಳ್ಳಿಹಾಕುವುದಿಲ್ಲ. ದೂರು ಕೊಡುವ ಮುಂಚೆ ಒಬ್ಬ ವಕೀಲರನ್ನೋ ಅಂಗವಿಕಲರ ಹಕ್ಕುಗಳ ಸಂಘಟನೆಯನ್ನೋ ಜೊತೆಗಿಟ್ಟುಕೊಳ್ಳಿ, ಆದರೆ ಅದಕ್ಕೆ ವಾರಗಟ್ಟಲೆ ತಗೋಬೇಡಿ. ಹೊರಗೆ ಕಳಿಸುವ ಆ ಇಬ್ಬರ ವಿಷಯವನ್ನೂ ತಪಾಸಣೆಗೆ ಬರುವವರ ಕಿವಿಗೆ ಹಾಕಿ. ಬಂದ ಕೂಡಲೇ ಹಾಸಿಗೆ ಎಣಿಸಿ, ತಲೆ ಎಣಿಸಿ ಅಂತ ಹೇಳಿ, ಸಾಕು.

ಪ್ರಶ್ನೆ: ಎಲ್ಲ ಕಡೆ ಕ್ಯಾಮೆರಾ ಹಾಕಿಬಿಟ್ಟರೆ ಈ ತಪಾಸಣೆ ಗೋಜೇ ಇರಲ್ಲ ಅಲ್ವಾ?

ಸ್ನಾನದ ಮನೆಯಲ್ಲೂ ಹಾಕುತ್ತೀರಾ? ಹೊಡೆತ ಕ್ಯಾಮೆರಾಗೆ ಕಾಣಬಹುದು. ಇಡೀ ದಿನ ಯಾರೂ ಮಾತಾಡಿಸಲಿಲ್ಲ ಅನ್ನುವುದನ್ನು ಯಾರೋ ಕೂತು ನೋಡಬೇಕು, ಮತ್ತು ಆ ರೆಕಾರ್ಡಿಂಗ್ ಸಾಮಾನ್ಯವಾಗಿ ಮ್ಯಾನೇಜರ್ ಹತ್ತಿರವೇ ಇರುತ್ತೆ.

ಪ್ರಶ್ನೆ: ನಮ್ಮದು ಆರು ಜನರ ಪುಟ್ಟ ಮನೆ. ಒಬ್ಬರಿಗೆ ಪ್ರೇಡರ್-ವಿಲ್ಲಿ ಸಿಂಡ್ರೋಮ್, ಎಷ್ಟು ತಿಂದರೂ ಹಸಿವು ಇಂಗಲ್ಲ. ಅದಕ್ಕೆ ಫ್ರಿಜ್‌ಗೆ, ಅಡುಗೆಮನೆಗೆ ಬೀಗ. ತಪಾಸಣೆಗೆ ಬಂದವರು ಇದನ್ನೇ ತಪ್ಪು ಅಂತ ಬರೆದರು. ಬೀಗ ತೆಗೆದರೆ ಆ ಹುಡುಗ ಸಾಯ್ತಾನೆ, ಅವರಿಗೇನು ಗೊತ್ತು? — ಕೇಂದ್ರ ನಡೆಸುವವರು

ನಿಮ್ಮ ಸಿಟ್ಟು ಅರ್ಥವಾಗುತ್ತೆ. ಪ್ರೇಡರ್-ವಿಲ್ಲಿ ಇರುವವರಿಗೆ ಆಹಾರ ಸಿಗದ ಹಾಗೆ ನೋಡಿಕೊಳ್ಳುವುದು ಜೀವ ಉಳಿಸುವ ಕೆಲಸ. ಆದರೆ ಬೀಗ ಬಿದ್ದಿರುವುದು ಆರೂ ಜನರಿಗೆ ಅಲ್ವಾ? ಉಳಿದ ಐವರು ಬಾಯಾರಿದಾಗ ಯಾರನ್ನೋ ಕರೆದು, ಅವರು ಬರುವವರೆಗೆ ಕಾಯಬೇಕು. ತಪಾಸಣೆಯವರು ಹಿಡಿದಿದ್ದು ಬಹುಶಃ ಅದನ್ನು. ಆ ಐವರಿಗೆ ಅಡುಗೆಮನೆಗೆ ಹೋಗಲು ಬೇರೆ ದಾರಿ ಏನು ಮಾಡಿದ್ದೀರಿ? ಕೀ ಕೊಡಬಹುದಾ? ಬೀಗ ಯಾಕೆ, ಯಾರ ಒಪ್ಪಿಗೆ, ಡಾಕ್ಟರ್ ಏನಂದರು, ಮುಂದೆ ಯಾವಾಗ ಮತ್ತೆ ಯೋಚಿಸುತ್ತೀರಿ, ಇದೆಲ್ಲ ಕಾಗದದ ಮೇಲೆ ಇದೆಯಾ? ಆ ಹುಡುಗನ ಜೊತೆ ಕೂತು, ಅವನಿಗೆ ಅರ್ಥವಾಗುವ ಚಿತ್ರಗಳಲ್ಲಿ ಹೇಳಿದ್ದೀರಾ? ಈ ಸಿಂಡ್ರೋಮ್ ಇರುವವರಲ್ಲಿ ಎಷ್ಟೋ ಜನ, ಊಟದ ಹೊತ್ತು ಗಟ್ಟಿಯಾಗಿ ಗೊತ್ತಿದ್ದು ನಡುವೆ ಏನೂ ಸಿಗಲ್ಲ ಅಂತ ಖಾತ್ರಿಯಾದರೆ ನಿರಾಳವಾಗಿರುತ್ತಾರೆ. ಇಷ್ಟಕ್ಕೂ ಉತ್ತರ ಇದ್ದರೆ ವರದಿಗೆ ಲಿಖಿತ ಆಕ್ಷೇಪಣೆ ಕೊಡಿ, ಮರುಭೇಟಿ ಕೇಳಿ. ಪ್ರೇಡರ್-ವಿಲ್ಲಿ ಗೊತ್ತಿರುವ ಡಯಟಿಷಿಯನ್ ಒಬ್ಬರು ಆ ದಿನ ಮನೆಯಲ್ಲಿ ಇರುವ ಹಾಗೆ ನೋಡಿಕೊಳ್ಳಿ.