ಮುಂದಿದ್ದ ಪೊಲಿಯೆವ್ ಸೋತದ್ದು ಟ್ರಂಪ್‌ನಿಂದಲೇನಾ?

2025ರ ಜನವರಿಯಲ್ಲಿ ಕೆನಡಾದ ಸಮೀಕ್ಷೆಗಳಲ್ಲಿ ಪಿಯೆರ್ ಪೊಲಿಯೆವ್ ನಾಯಕತ್ವದ ವಿರೋಧ ಪಕ್ಷ ಕನ್ಸರ್ವೇಟಿವ್, ಆಡಳಿತದಲ್ಲಿದ್ದ ಲಿಬರಲ್ ಪಕ್ಷಕ್ಕಿಂತ 20 ಪರ್ಸೆಂಟ್‌ಗೂ ಜಾಸ್ತಿ ಮುಂದಿತ್ತು. ಏಪ್ರಿಲ್ 28ರ ಚುನಾವಣೆಯಲ್ಲಿ ಸೋತಿತು. ಟ್ರಂಪ್ ಒಬ್ಬರೇ ಕಾರಣವಾ ಅಂತ ಕೇಳಿದ್ದೀರಿ.

ಅರ್ಧ ಹೌದು. ಟ್ರಂಪ್ ಹಾಕಿದ ಸುಂಕದ ಬೆದರಿಕೆ, ಕೆನಡಾ ಅಮೆರಿಕದ ‘51ನೇ ರಾಜ್ಯ’ ಆಗಲಿ ಅನ್ನೋ ಕುಹಕ ಜನರನ್ನು ಕೆರಳಿಸಿತು. ಆದರೆ ಪಿಯೆರ್ ಪೊಲಿಯೆವ್ ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಂಡರು ಅನ್ನೋದು ನನ್ನ ಅಭಿಪ್ರಾಯ. ಅವರ ಪ್ರಚಾರವೆಲ್ಲ ನಿಂತಿದ್ದು ಎರಡರ ಮೇಲೆ: ಆಗಿನ ಲಿಬರಲ್ ಪ್ರಧಾನಿ ಟ್ರುಡೊ ಮತ್ತು ಇಂಧನದ ಮೇಲಿನ ಕಾರ್ಬನ್ ತೆರಿಗೆ. ಟ್ರುಡೊ ಹೋದರು. ಅವರ ಜಾಗಕ್ಕೆ ಬಂದ ಲಿಬರಲ್ ನಾಯಕ ಮಾರ್ಕ್ ಕಾರ್ನಿ ಮಾರ್ಚ್ 14ರಂದು ಪ್ರಧಾನಿಯಾಗಿ ಪ್ರಮಾಣವಚನ ತೆಗೆದುಕೊಂಡ ದಿನವೇ ಕ್ಯಾಮೆರಾ ಮುಂದೆ ಸಹಿ ಹಾಕಿ ಗ್ರಾಹಕರ ಕಾರ್ಬನ್ ತೆರಿಗೆ ಕೈಬಿಟ್ಟರು. ಆಮೇಲೆ ಬೈಯೋಕೆ ಉಳಿದಿದ್ದೇನು?

ಹಾಗಂತ ಕನ್ಸರ್ವೇಟಿವ್ ಮತ ಕರಗಲಿಲ್ಲ. 2021ರಲ್ಲಿ ಸುಮಾರು 34 ಪರ್ಸೆಂಟ್ ಇದ್ದದ್ದು 41ಕ್ಕೆ ಏರಿತು! ನಿಜವಾಗಿ ಕುಸಿದದ್ದು ಎಡಪಂಥದ ಎನ್‌ಡಿಪಿ, 7 ಸೀಟಿಗೆ. ಆ ಮತಗಳಲ್ಲಿ ಬಹಳಷ್ಟು ಲಿಬರಲ್‌ಗಳ ಪಾಲಾದವು. 343 ಸೀಟುಗಳಲ್ಲಿ ಲಿಬರಲ್‌ಗಳಿಗೆ 169, ಬಹುಮತಕ್ಕೆ ಮೂರು ಕಡಿಮೆ.

ಪೊಲಿಯೆವ್ ತಮ್ಮ ಕಾರ್ಲ್‌ಟನ್ ಕ್ಷೇತ್ರವನ್ನೂ ಕಳೆದುಕೊಂಡರು. ಅಲ್ಲಿ 91 ಅಭ್ಯರ್ಥಿಗಳು, ಮತಪತ್ರ ಹತ್ತಿರ ಹತ್ತಿರ ಒಂದು ಮೀಟರ್ ಉದ್ದ.

ಅಂದಹಾಗೆ, ಕಾರ್ನಿ ಗೆದ್ದ ನೆಪಿಯನ್ ಕ್ಷೇತ್ರ ಮೊದಲು ನಮ್ಮ ಶಿರಾ ಮೂಲದ ಚಂದ್ರ ಆರ್ಯ ಅವರದ್ದು. 2022ರಲ್ಲಿ ಕೆನಡಾ ಸಂಸತ್ತಿನಲ್ಲಿ ಕನ್ನಡ ಮಾತಾಡಿದವರು ಅವರೇ. ಲಿಬರಲ್ ಪಕ್ಷ ಅವರ ಟಿಕೆಟ್ ವಾಪಸ್ ಪಡೆದು ಕಾರ್ನಿಗೆ ಕೊಟ್ಟಿತು. ಅದು ನನಗೆ ಸರಿ ಕಾಣಲಿಲ್ಲ.