ಯಲಹಂಕ ಉಪನಗರದಲ್ಲಿ ಅಪ್ಪ ಅಮ್ಮನಿಗೆ ಮಾತಿಗೆ ಜನ ಸಿಗುತ್ತಾರಾ?

ನೀವು ಕೇಳಿದ್ದು ಇಷ್ಟು: ಶಿವಮೊಗ್ಗದ ಕಡೆಯಿಂದ ಅಪ್ಪ ಅಮ್ಮನನ್ನು ಕರೆಸಿಕೊಂಡು ಯಲಹಂಕ ಉಪನಗರದಲ್ಲಿ ಬಾಡಿಗೆ ಮನೆ ಮಾಡಬೇಕು ಅಂತಿದ್ದೀರಿ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೀರಿ. ತೋಟ ನೋಡಿಕೊಂಡು, ಜಗಲಿಯಲ್ಲಿ ಕೂತು ಊರಿನವರನ್ನೆಲ್ಲ ಮಾತಾಡಿಸಿಕೊಂಡು ಬದುಕಿದವರು ಇಲ್ಲಿ ಬಂದು ಹಗಲೆಲ್ಲ ಗೋಡೆ ನೋಡಿಕೊಂಡು ಕೂರಬೇಕಾ ಅನ್ನೋದು ನಿಮ್ಮ ಚಿಂತೆ.

ನಾನು 1991ರಿಂದ ಇಲ್ಲೇ ಇದ್ದೇನೆ. ಬಂದಾಗ ನನಗೆ ಏಳು ವರ್ಷ. ಈಗ ಮಗಳು ಹತ್ತನೇ ಕ್ಲಾಸು. ಮಾತಿಗೆ ಜನ ಖಂಡಿತ ಸಿಗುತ್ತಾರೆ. ಆದರೆ ಅದು ನೀವು ಯಾವ ಬೀದಿಯಲ್ಲಿ ಮನೆ ಮಾಡುತ್ತೀರಿ ಅನ್ನೋದರ ಮೇಲಿದೆ. ಬಾಡಿಗೆ, ಬಸ್ ಸ್ಟಾಪು, ಪಾರ್ಕಿಂಗ್ ಎಲ್ಲ ನೋಡುವವರು ಬೀದಿ ನೋಡುವುದಿಲ್ಲ. ನನಗೆ ಅದೇ ಬೇಜಾರು.

ಉಪನಗರ ಕಟ್ಟಿದ್ದು ಹೌಸಿಂಗ್ ಬೋರ್ಡ್, ಅಂದರೆ ಕರ್ನಾಟಕ ಗೃಹ ಮಂಡಳಿ. ಎಲ್‌ಐಜಿ, ಎಂಐಜಿ, ಎಚ್‌ಐಜಿ ಅಂತ ಮನೆಗಳು. ಕಡಿಮೆ ಆದಾಯದವರಿಗೆ, ಮಧ್ಯಮದವರಿಗೆ, ಸ್ವಲ್ಪ ಅನುಕೂಲ ಇದ್ದವರಿಗೆ. ಇವತ್ತಿಗೂ ಇಲ್ಲಿ ವಿಳಾಸ ಹೇಳುವಾಗ ಈ ಅಕ್ಷರಗಳು ಬಂದೇ ಬರುತ್ತವೆ. ಎ ಸೆಕ್ಟರ್, ಬಿ ಸೆಕ್ಟರ್, ನಾಲ್ಕನೇ ಹಂತ, ಐದನೇ ಹಂತ ಎಲ್ಲ ಕಡೆ ಈ ಮೂರೂ ಬಗೆಯ ಮನೆಗಳು ನಡೆದು ಹೋಗುವಷ್ಟು ದೂರದಲ್ಲೇ ಇವೆ. ಬ್ಯಾಂಕ್ ಮ್ಯಾನೇಜರ್ ಮನೆ, ಆಟೋ ಓಡಿಸುವವರ ಮನೆ, ಟೀಚರ್ ಮನೆ ಎಲ್ಲದಕ್ಕೂ ಒಂದೇ ಹಾಲಿನ ಬೂತು, ಒಂದೇ ಹಿಟ್ಟಿನ ಗಿರಣಿ. ಇಲ್ಲಿಯ ಜನ ಪರಸ್ಪರ ಮಾತಾಡಿಸುವುದಕ್ಕೆ ದೊಡ್ಡ ಕಾರಣ ಇದೇ ಅಂತ ನಾನು ನಂಬಿದ್ದೇನೆ.

ನಮ್ಮದು ಎಲ್‌ಐಜಿ. ಪಕ್ಕದ ಮನೆಗೂ ನಮಗೂ ಒಂದೇ ಗೋಡೆ. ಅವರ ಕುಕ್ಕರ್ ಎಷ್ಟು ಸಲ ಕೂಗಿತು ಅಂತ ನಮಗೆ ಲೆಕ್ಕ ಸಿಗುತ್ತಿತ್ತು. ಅಮ್ಮನಿಗೆ ಕರಿಬೇವು ಬೇಕಾದರೆ ಲಟ್ಟಣಿಗೆಯಿಂದ ಗೋಡೆಗೆ ಎರಡು ಸಲ ತಟ್ಟುತ್ತಿದ್ದರು. ಆ ಕಡೆಯ ಅಜ್ಜಿ ಹಿತ್ತಲಿಗೆ ಬಂದು ಕಾಂಪೌಂಡಿನ ಮೇಲಿಂದ ಒಂದು ಕಡ್ಡಿ ಮುರಿದು ಕೊಡುತ್ತಿದ್ದರು. ಒಂದು ಬೆಳಗ್ಗೆ ಎಂಟಾದರೂ ಆ ಮನೆಯ ಕುಕ್ಕರ್ ಕೂಗಲಿಲ್ಲ. ಅಮ್ಮ ಗೋಡೆ ತಟ್ಟಿದರು. ಸದ್ದಿಲ್ಲ. ಓಡಿ ಹೋಗಿ ನೋಡಿದರೆ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದಿದ್ದರು, ಏಳಲಾಗುತ್ತಿರಲಿಲ್ಲ. ಎದುರು ಮನೆಯ ಅಂಕಲ್ ಆಟೋ ತಂದು ಆಸ್ಪತ್ರೆಗೆ ಸೇರಿಸಿದರು. ವಯಸ್ಸಾದವರನ್ನು ಹಗಲು ಒಂಟಿಯಾಗಿ ಬಿಟ್ಟು ಹೋಗುವವರಿಗೆ ಇಂಥ ಗೋಡೆ ಬೇಕು.

ನಮ್ಮಪ್ಪ ಕೆಲಸ ಮಾಡಿದ್ದು ರೈಲು ಚಕ್ರದ ಕಾರ್ಖಾನೆಯಲ್ಲಿ. ಅದು ಶುರುವಾದದ್ದು 1984ರಲ್ಲಿ. ಗುಜರಿ ಕಬ್ಬಿಣ ಕರಗಿಸಿ ಅಲ್ಲಿ ಚಕ್ರ ಎರಕ ಹೊಯ್ಯುತ್ತಾರೆ. 2003ರಲ್ಲಿ ರೈಲ್ ವೀಲ್ ಫ್ಯಾಕ್ಟರಿ ಅಂತ ಹೆಸರು ಬದಲಾಯಿತು. ಆದರೆ ನಮ್ಮ ಬೀದಿಯ ಹಳಬರಿಗೆ ಅದು ಈಗಲೂ 'ವೀಲ್ ಅಂಡ್ ಆಕ್ಸಲ್'. ಅಲ್ಲಿ ದುಡಿದು ರಿಟೈರ್ ಆದವರು, ವಾಯುಪಡೆಯಿಂದ ನಿವೃತ್ತರಾದವರು, ಬ್ಯಾಂಕು ಸ್ಕೂಲುಗಳಿಂದ ಬಂದವರು ಇಲ್ಲಿ ಜಾಸ್ತಿ. ಬೆಳಗ್ಗೆ ಆರಕ್ಕೆ ಪಾರ್ಕಿಗೆ ಹೋದರೆ ಇವರೇ. ನಿಮ್ಮ ತಂದೆ ಮೊದಲ ವಾರ ಸುಮ್ನೆ ನಡೆಯಲಿ ಸಾಕು. ಎರಡನೇ ವಾರ ಯಾರಾದರೂ "ಯಾವೂರು ಸಾರ್ ತಮ್ಮದು?" ಅಂತ ಕೇಳಿಯೇ ಕೇಳುತ್ತಾರೆ. ಅಡಿಕೆ ತೋಟ ಅಂದುಬಿಟ್ಟರೆ ಮುಗಿಯಿತು, ರೇಟ್ ಎಷ್ಟಿದೆ ಅಂತ ಅರ್ಧ ಗಂಟೆ ಮಾತು.

ಅವರಿಗೆ ಇಷ್ಟವಾಗುವ ಇನ್ನೊಂದು ಜಾಗ ಜಿಕೆವಿಕೆ, ಕೃಷಿ ವಿಶ್ವವಿದ್ಯಾಲಯದ ಕ್ಯಾಂಪಸ್. ಇಲ್ಲಿಂದ ಹತ್ತಿರ. ನವೆಂಬರ್ ಹೊತ್ತಿಗೆ ಅಲ್ಲಿ ಕೃಷಿ ಮೇಳ ನಡೆಯುತ್ತದೆ, ಎಲ್ಲ ಜಿಲ್ಲೆಗಳಿಂದ ರೈತರು ಬರುತ್ತಾರೆ. ಒಂದು ದಿನ ರಜೆ ಹಾಕಿ ಅವರನ್ನು ಕರೆದುಕೊಂಡು ಹೋಗಿ, ದಯವಿಟ್ಟು.

ಭಾಷೆಯ ಬಗ್ಗೆಯೂ ಕೇಳಿದ್ದೀರಿ. ಕನ್ನಡ ಚೆನ್ನಾಗಿ ನಡೆಯುತ್ತದೆ. ಜೊತೆಗೆ ತೆಲುಗು ತುಂಬ ಕೇಳಿಸುತ್ತದೆ. ಇಲ್ಲಿಂದ ಹೋಗುವ ರೈಲು ದಾರಿ ದೊಡ್ಡಬಳ್ಳಾಪುರ, ಗೌರಿಬಿದನೂರು ದಾಟಿ ಹಿಂದೂಪುರಕ್ಕೆ ಸೇರುತ್ತದೆ ಅಲ್ವಾ, ಆ ಕಡೆಯ ಜನ ಮೊದಲಿಂದಲೂ ಇಲ್ಲಿ ಇದ್ದಾರೆ. ನಮ್ಮ ಬೀದಿಗೆ ಬರುವ ಹೂವಿನ ಅಕ್ಕ ಲೆಕ್ಕ ಹಾಕುವುದು ತೆಲುಗಿನಲ್ಲಿ, ಚೌಕಾಸಿ ಮಾಡುವುದು ಕನ್ನಡದಲ್ಲಿ. ಕಾಕಡವನ್ನು ಮೊಳಕೈಯಿಂದ ಬೆರಳ ತುದಿಯವರೆಗೆ ಹಿಡಿದು ಅಳೆಯುತ್ತಾರೆ. ಕತ್ತರಿಸುವ ಮುಂಚೆ ನಾಲ್ಕು ಬೆರಳಷ್ಟು ಮುಂದೆ ಜರುಗಿಸುತ್ತಾರೆ. ಆ ನಾಲ್ಕು ಬೆರಳು ದೇವರ ಪಟಕ್ಕೆ. ಮಲೆನಾಡಿನವರಿಗೆ ಇಲ್ಲಿಯ ಮಾತು ಮೊದಮೊದಲು ಒರಟು ಅನ್ನಿಸಬಹುದು. ಅಮ್ಮನಿಗೆ ಮೊದಲೇ ಹೇಳಿಡಿ: ಜೋರಾಗಿ ಮಾತಾಡಿದರೆ ಜಗಳ ಅಂತಲ್ಲ.

ಅಮ್ಮನಿಗೆ ಜನ ಕೂಡಿಬರಬೇಕಾದರೆ ಅವರೆಕಾಯಿ ಕಾಲದಲ್ಲಿ ಮನೆ ಬದಲಿಸಿ. ಡಿಸೆಂಬರ್, ಜನವರಿ. ಸೊಗಡವರೆ ಬಂದರೆ ಬೀದಿಗೆ ಬೀದಿಯೇ ಘಮ ಅನ್ನುತ್ತದೆ. ರಾತ್ರಿ ಕಾಳು ನೆನೆಹಾಕಿ, ಮಾರನೇ ದಿನ ಮಧ್ಯಾಹ್ನ ಊಟ ಮುಗಿಸಿ ಮೂರು ನಾಲ್ಕು ಮನೆಯವರು ಮೆಟ್ಟಿಲ ಮೇಲೆ ಪಾತ್ರೆ ಇಟ್ಟುಕೊಂಡು ಹಿತುಕಲು ಕೂರುತ್ತಾರೆ. ಹೆಬ್ಬೆರಳು ತೋರುಬೆರಳಲ್ಲಿ ಒತ್ತಿದರೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ಒಂದು ಸೇರು ಕಾಳು ಹಿತುಕುವಷ್ಟರಲ್ಲಿ ಹೊಸಬರ ಮನೆತನದ ಸಮಾಚಾರ ಪೂರ್ತಿ ಗೊತ್ತಾಗಿರುತ್ತದೆ. ನಮ್ಮತ್ತೆ ಹೊಸದಾಗಿ ಬಂದಾಗ ಮೂರು ತಿಂಗಳು ಬಾಯಿ ಬಿಟ್ಟಿರಲಿಲ್ಲ. ಅವರೆಕಾಯಿ ಅವರನ್ನು ಮಾತಾಡಿಸಿತು.

ಇನ್ನು ಹಳೇ ಊರು. ಉಪನಗರಕ್ಕೂ ಯಲಹಂಕ ಹಳೇ ಟೌನಿಗೂ ಸ್ವಭಾವವೇ ಬೇರೆ. ಕೆಂಪೇಗೌಡರು ಯಲಹಂಕ ನಾಡಪ್ರಭುಗಳು. 1537ರಲ್ಲಿ ಬೆಂಗಳೂರು ಪೇಟೆ ಕಟ್ಟಿದ್ದು ಅವರೇ. ಹಾಗಾಗಿ ನಮ್ಮನ್ನು ಬೆಂಗಳೂರಿನ ಹೊರವಲಯ ಅಂತ ಯಾರಾದರೂ ಕರೆದರೆ ಹಳೇ ಊರಿನವರು ಒಪ್ಪುವುದಿಲ್ಲ. 2007ರವರೆಗೆ ಯಲಹಂಕಕ್ಕೆ ಅದರದ್ದೇ ನಗರಸಭೆ ಇತ್ತು, ಆಮೇಲೆ ಬಿಬಿಎಂಪಿಗೆ ಸೇರಿತು. ಅಮ್ಮನಿಗೆ ಹಬ್ಬದ ಸಾಮಾನು, ಮಣ್ಣಿನ ಮಡಕೆ, ಬಾಳೆಕಂದು ಬೇಕಾದರೆ ಅಲ್ಲಿಗೇ ಹೋಗಬೇಕು.

ತೊಂದರೆಗಳನ್ನೂ ಹೇಳಬೇಕು. ಹಳೇ ಮನೆ ಕೆಡವಿ ನಾಲ್ಕು ಮಹಡಿ ಎಬ್ಬಿಸುವುದು ಈಗ ಎಲ್ಲ ಬೀದಿಯಲ್ಲೂ ನಡೆಯುತ್ತಿದೆ. ಮೇಲಿನ ಮಹಡಿಗಳಲ್ಲಿ ಆರು ತಿಂಗಳಿಗೊಮ್ಮೆ ಬದಲಾಗುವ ಬಾಡಿಗೆದಾರರು. ಅವರ ಪರಿಚಯ ಆಗುವಷ್ಟರಲ್ಲಿ ಖಾಲಿ ಮಾಡಿರುತ್ತಾರೆ. ಅಪ್ಪ ಅಮ್ಮನನ್ನು ಮೂರನೇ ಮಹಡಿಯಲ್ಲಿ ಇರಿಸಬೇಡಿ. ಲಿಫ್ಟ್ ಇದ್ದರೂ ಬೇಡ. ಬಾಡಿಗೆ ಜಾಸ್ತಿಯಾದರೂ ಕೆಳಗಿನ ಮನೆ, ಬಾಗಿಲು ಬೀದಿಗೆ ತೆರೆಯುವ ಮನೆ ಹುಡುಕಿ. ಕೆರೆಯ ಕೆಳಗಿನ ತಗ್ಗಿನಲ್ಲಿ ಮನೆ ಬೇಡ. 2024ರ ಅಕ್ಟೋಬರ್ ಮಳೆಗೆ ಕೆರೆ ತುಂಬಿ, ಯಲಹಂಕದ ಒಂದು ದೊಡ್ಡ ವಸತಿ ಸಮುಚ್ಚಯಕ್ಕೆ ನೀರು ನುಗ್ಗಿ ಜನರನ್ನು ದೋಣಿಯಲ್ಲಿ ಹೊರಗೆ ಕರೆತಂದರು. ನೋಡಿದವರಿಗೆ ಮರೆಯಲಾಗದು.

ವಿಮಾನದ ಸದ್ದೂ ಇದೆ. ವಾಯುನೆಲೆ ಪಕ್ಕದಲ್ಲೇ. 1996ರಿಂದ ಎರಡು ವರ್ಷಕ್ಕೊಮ್ಮೆ ಏರೋ ಇಂಡಿಯಾ. ಆ ವಾರ ಕಿಟಕಿ ಗಾಜು ಅದುರುತ್ತದೆ. ಹೃದಯದ ತೊಂದರೆ ಇರುವವರಿಗೆ ಕಷ್ಟ, ಮುಂಚೆಯೇ ತಿಳಿಸಿಡಿ. ಆಗ ಮಾಂಸದಂಗಡಿಗಳನ್ನೂ ಮುಚ್ಚಿಸುತ್ತಾರೆ. ಬಿಸಾಡಿದ ಮಾಂಸಕ್ಕೆ ಹದ್ದುಗಳು ಬಂದು ವಿಮಾನಕ್ಕೆ ಬಡಿಯಬಾರದು ಅಂತ. 2025ರಲ್ಲಿ ವಾಯುನೆಲೆಯಿಂದ 13 ಕಿಲೋಮೀಟರ್ ದೂರದವರೆಗೆ ಹೀಗೆ ಮಾಡಿದ್ದರು. ಆದರೆ ಆ ವಾರ ಸಂಬಂಧಿಕರೆಲ್ಲ ನಮ್ಮ ಮನೆಗೆ ಬರುತ್ತಾರೆ, ತಾರಸಿ ಮೇಲೆ ಚಾಪೆ ಹಾಸಿ ಚಿತ್ರಾನ್ನ ತಿನ್ನುತ್ತಾ ಆಕಾಶ ನೋಡುತ್ತೇವೆ. ಪಕ್ಕದ ತಾರಸಿಯವರೂ ಕೂಗಿ ಮಾತಾಡಿಸುತ್ತಾರೆ. ಹಕ್ಕಿ ಬಗ್ಗೆ ಹೇಳಿದ್ದರಿಂದ ನೆನಪಾಯಿತು: ಪುಟ್ಟೇನಹಳ್ಳಿ ಕೆರೆಯನ್ನು 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದರು. ಬಣ್ಣದ ಕೊಕ್ಕರೆಗಳನ್ನು ನೋಡಲು ಅಪ್ಪನ ಜೊತೆ ಹೋಗಿ ಬನ್ನಿ.

ಮನೆ ನೋಡಲು ಭಾನುವಾರ ಮಧ್ಯಾಹ್ನ ಬರಬೇಡಿ, ಎಲ್ಲರೂ ಮಲಗಿರುತ್ತಾರೆ. ವಾರದ ದಿನ ಸಂಜೆ ಐದೂವರೆಗೆ ಬನ್ನಿ. ಅಪ್ಪ ಅಮ್ಮ ಜೊತೆಗಿರಲಿ. ಬ್ರೋಕರ್‌ಗೆ ಸ್ವಲ್ಪ ಹೊತ್ತು ಬಿಟ್ಟು ಬರಲು ಹೇಳಿ, ನೀವು ಆ ಬೀದಿಯಲ್ಲಿ ಎರಡು ಸಲ ನಿಧಾನವಾಗಿ ನಡೆಯಿರಿ. ಗೇಟಿನ ಹತ್ತಿರ ನಿಂತ ಯಾರಾದರೂ "ಯಾರ ಮನೆ ಬೇಕಿತ್ತಮ್ಮ?" ಅಂತ ಕೇಳಿದರೆ, ಅಡ್ವಾನ್ಸ್ ಕೊಟ್ಟುಬಿಡಿ.