ಸಾರಿನ ಕಾಯೆಲ್ಲ ತಟ್ಟೆಯ ಅಂಚಿಗೆ

ಪ್ರಶ್ನೆ: ನಮ್ಮದು ಕೋಲಾರದ ಹತ್ತಿರದ ಹಳ್ಳಿ. ಹೂಕೋಸು, ಬೀನ್ಸ್ ಸ್ವಂತ ಹೊಲದಲ್ಲೇ ಬೆಳೆಯುತ್ತೇವೆ. ನಾಲ್ಕು ವರ್ಷದ ಮಗ ಮಾತ್ರ ಸಾರಿನ ಕಾಯೆಲ್ಲ ಆರಿಸಿ ತಟ್ಟೆಯ ಅಂಚಿಗಿಟ್ಟು ಬರೀ ಮುದ್ದೆ ನುಂಗುತ್ತಾನೆ. ಹೂಕೋಸು ಕಂಡರೆ ಮೂಗು ಮುಚ್ಚಿಕೊಳ್ಳುತ್ತಾನೆ. ಅವರಪ್ಪನೂ ಅದನ್ನು ಮುಟ್ಟಲ್ಲ. ಎರಡು ವರ್ಷದವರೆಗೆ ಕೊಟ್ಟಿದ್ದೆಲ್ಲ ತಿನ್ನುತ್ತಿದ್ದ. ಗದರಿದರೂ, ಏಟು ಕೊಟ್ಟರೂ ಬಗ್ಗುತ್ತಿಲ್ಲ. ಯಾಕೆ ಹೀಗೆ?
– ಒಬ್ಬ ತಾಯಿ, ಕೋಲಾರ ತಾಲ್ಲೂಕು

ಉತ್ತರ: ಏಟು ಬೇಡ ತಾಯಿ. ಅಂಗನವಾಡಿಯಲ್ಲಿ ಮಕ್ಕಳಿಗೆ ಬಡಿಸಿಕೊಂಡು ಬಂದವಳು ನಾನು. ಇದು ಹಟ ಅಲ್ಲ. ಎರಡು ವರ್ಷ ಆಗುತ್ತಿದ್ದ ಹಾಗೆ ಮಕ್ಕಳಿಗೆ ಗುರುತಿಲ್ಲದ ತಿನಿಸು ಕಂಡರೆ ಅಂಜಿಕೆ ಶುರುವಾಗುತ್ತದೆ. ಆರು ವರ್ಷದವರೆಗೂ ಇರಬಹುದು. ಕಹಿಯೂ ಅವರ ನಾಲಿಗೆಗೆ ನಮಗಿಂತ ಜಾಸ್ತಿ ತಾಗುತ್ತದೆ.

ಹೂಕೋಸಿನ ವಿಷಯವೇ ಬೇರೆ. ಅದರಲ್ಲಿ ಗಂಧಕದ ಅಂಶ ಇದೆ. ಅಗಿಯುವಾಗ ಎಂಜಲಿನ ಬ್ಯಾಕ್ಟೀರಿಯಾ ಅದನ್ನು ಒಡೆದು ಕೆಟ್ಟ ವಾಸನೆ ಎಬ್ಬಿಸುತ್ತವೆ. ಕೆಲವರ ಬಾಯಲ್ಲಿ ಕಡಿಮೆ, ಕೆಲವರ ಬಾಯಲ್ಲಿ ವಿಪರೀತ. 2021ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಮಕ್ಕಳ ಮತ್ತು ಹೆತ್ತವರ ಎಂಜಲನ್ನು ಹೂಕೋಸಿನ ಜೊತೆ ಬೆರೆಸಿ ನೋಡಿದರು. ವಾಸನೆಯ ಪ್ರಮಾಣ ಮಗುವಿಗೂ ಹೆತ್ತವರಿಗೂ ಹೆಚ್ಚುಕಮ್ಮಿ ಒಂದೇ ಥರ ಇತ್ತು. ವಾಸನೆ ಜಾಸ್ತಿ ಎದ್ದ ಮಕ್ಕಳಿಗೆ ಆ ಕಾಯಿ ಅಷ್ಟೇ ಸೇರುತ್ತಿರಲಿಲ್ಲ. ನಿಮ್ಮ ಮನೆಯಲ್ಲೂ ಅಪ್ಪ, ಮಗ ಇಬ್ಬರಿಗೂ ಇದೇ ಇರಬಹುದು, ಅಲ್ವಾ?

ಹಾಗಾಗಿ ಹೂಕೋಸನ್ನು ಸಾರಿನಲ್ಲಿ ಮೆತ್ತಗಾಗುವಷ್ಟು ಕುದಿಸಬೇಡಿ, ವಾಸನೆ ಇನ್ನೂ ಏಳುತ್ತದೆ. ಎಣ್ಣೆಯಲ್ಲಿ ಕೆಂಪಗೆ ಹುರಿದು ಒಂದೇ ಒಂದು ಚೂರು ಇಡಿ. ತಿನ್ನದಿದ್ದರೆ ಸುಮ್ನೆ ತಟ್ಟೆ ಎತ್ತಿ. ಎರಡು ದಿನ ಬಿಟ್ಟು ಮತ್ತೆ ಇಡಿ. ಹತ್ತು ಹದಿನೈದು ಸಲ ರುಚಿ ನೋಡಿದ ಮೇಲೆ ಒಗ್ಗಿಕೊಳ್ಳುವ ಮಕ್ಕಳು ಬಹಳ. ನಾವೇ ಮೂರನೇ ಸಲಕ್ಕೆ ಕೈಬಿಡುತ್ತೇವೆ. "ಕಾಯಿ ತಿಂದರೆ ಬಿಸ್ಕತ್ತು ಕೊಡ್ತೀನಿ" ಅಂತ ಮಾತ್ರ ಹೇಳಬೇಡಿ. ಬಿಸ್ಕತ್ತಿನ ಆಸೆ ಬೆಳೆಯುತ್ತದೆ, ಕಾಯಿ ಇನ್ನೂ ಬೇಡವಾಗುತ್ತದೆ.

ಬೀನ್ಸ್ ಸೋಸುವಾಗ ಅವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ತುದಿ ಮುರಿದು ಎಳೆದರೆ ಉದ್ದಕ್ಕೆ ನಾರು ಬರುತ್ತದಲ್ಲ, ಮಕ್ಕಳಿಗೆ ಅದೇ ದೊಡ್ಡ ಆಟ. ಬಿಡಿಸಿ ಒಳಗಿನ ಎಳೆಬೀಜ ನೋಡಲಿ, ಮೂಸಲಿ. ಗುರುತಾದರೆ ಅಂಜಿಕೆ ಇಳಿಯುತ್ತದೆ. ಅಲ್ಲಿಯವರೆಗೆ ಮುದ್ದೆಗೆ ಮಸ್ಸೊಪ್ಪು ಮಾಡಿ. ಮಸೆದ ಸೊಪ್ಪು ಬೇಳೆಯಲ್ಲಿ ಕೂಡಿಕೊಂಡಿರುತ್ತದೆ, ಆರಿಸಿಡಲು ಆಗಲ್ಲ.

ತೂಕ ಏರುತ್ತಿಲ್ಲ, ನುಂಗುವಾಗ ಪದೇ ಪದೇ ಓಕರಿಸುತ್ತಾನೆ ಅಂದರೆ ಕಾಯಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ.